ರೈಲು ಓಡದ ಮೂರನೆಯ ಸುರಂಗ

ಕಡಲಿನಡಿಯ ರೈಲು ಎಂದೊಡನೆ ನೀರಿನಲ್ಲಿ ಮುಳುಗಿಸಿಟ್ಟ ದೊಡ್ಡ ಕೊಳವೆಯ ಚಿತ್ರ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂಡುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸನ್ನು ಜೋಡಿಸುವ ಚಾನೆಲ್ ಸುರಂಗ ಹಾಗಿಲ್ಲ. ಅದು ಇರುವುದು ಕಡಲ ತಳಕ್ಕಿಂತ ನಲವತ್ತು, ಐವತ್ತು ಮೀಟರ್ ಕೆಳಗೆ, ಬಂಡೆಯೊಳಗೆ. ಒಟ್ಟು ಉದ್ದ ಸುಮಾರು 50 ಕಿ.ಮೀ. ಅದರಲ್ಲಿ 38 ಕಿ.ಮೀ. ಕಡಲಿನ ಅಡಿಯಲ್ಲಿದೆ.

ಅಲ್ಲಿ ಸೀಮೆಸುಣ್ಣದ ಕಲ್ಲಿನೊಂದಿಗೆ ಜೇಡಿಮಣ್ಣು ಬೆರೆತ ಒಂದು ಪದರವಿದೆ. ಸೀಮೆಸುಣ್ಣ ಮೆದುವಾದ್ದರಿಂದ ಕೊರೆಯುವುದು ಸುಲಭ. ಜೇಡಿ ಬೆರೆತಿರುವುದರಿಂದ ನೀರು ಸುಲಭವಾಗಿ ಜಿನುಗದು. ಎಂಜಿನಿಯರುಗಳು ಸುರಂಗವನ್ನು ಆದಷ್ಟೂ ಈ ಪದರದಲ್ಲೇ ಸಾಗಿಸಿದರು. ಫ್ರಾನ್ಸಿನ ಕಡೆ ಬಿರುಕು ಹೆಚ್ಚಿದ್ದರಿಂದ, ಅಲ್ಲಿನ ಯಂತ್ರಗಳು ನೀರಿನ ಒತ್ತಡವನ್ನು ತಡೆಯುವಂತೆ ಮುಂಭಾಗ ಮುಚ್ಚಿದವಾಗಿದ್ದವು.

ಎರಡೂ ದಡಗಳಿಂದ ಒಟ್ಟು 11 ಯಂತ್ರಗಳು ಕೊರೆದವು. ಕಣ್ಣಿಗೆ ಕಾಣದ ಎದುರು ತುದಿಯನ್ನು ಮುಟ್ಟುವುದು ಹೇಗೆ? ಉಪಗ್ರಹಗಳ ನೆರವಿನಿಂದ ಎರಡು ದಡಗಳ ಅಳತೆ ಹಿಡಿದು, ಸುರಂಗದೊಳಗೆ ಲೇಸರ್ ಕಿರಣದಿಂದ ಯಂತ್ರಗಳಿಗೆ ದಾರಿ ತೋರಿಸಲಾಯಿತು. 1990ರ ಡಿಸೆಂಬರ್ 1ರಂದು ಎರಡು ದೇಶಗಳ ಕೆಲಸಗಾರರು ಕಡಲಿನಡಿಯಲ್ಲಿ ಕೈಕುಲುಕಿದರು. ಆಗ ಕಂಡ ಅಡ್ಡ ವ್ಯತ್ಯಾಸ ಸುಮಾರು 36 ಸೆಂ.ಮೀ. ಮಾತ್ರ. ನಿಮ್ಮ ಶಾಲೆಯ ಅಡಿಪಟ್ಟಿಗಿಂತ ಸ್ವಲ್ಪ ಹೆಚ್ಚು!

ಅಲ್ಲಿರುವುದು ಒಂದಲ್ಲ, ಮೂರು ಸುರಂಗ. ಹೋಗಲೊಂದು, ಬರಲೊಂದು; ನಡುವಿನ ಚಿಕ್ಕದರಲ್ಲಿ ರೈಲು ಓಡುವುದಿಲ್ಲ. ಇದನ್ನೇ ಮೊದಲು ಕೊರೆದು ಮುಂದಿನ ನೆಲವನ್ನು ಪರೀಕ್ಷಿಸಲಾಯಿತು. ಪ್ರತಿ 375 ಮೀಟರಿಗೊಂದರಂತೆ ಅಡ್ಡದಾರಿಗಳು ಇದನ್ನು ರೈಲಿನ ಸುರಂಗಗಳಿಗೆ ಸೇರಿಸುತ್ತವೆ. ಇದರೊಳಗಿನ ಗಾಳಿಯ ಒತ್ತಡ ಅಕ್ಕಪಕ್ಕಕ್ಕಿಂತ ತುಸು ಹೆಚ್ಚು. ಗಾಳಿ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಹರಿಯುತ್ತದೆಂಬುದು ನಿಮಗೆ ಗೊತ್ತು. ಆದ್ದರಿಂದ ಬಾಗಿಲು ತೆರೆದರೆ ಹೊಗೆ ಒಳಬರುವುದಿಲ್ಲ, ಶುದ್ಧ ಗಾಳಿ ಹೊರನುಗ್ಗುತ್ತದೆ.

1994ರ ಮೇ 6ರಂದು ಸುರಂಗದ ಉದ್ಘಾಟನೆಯಾಯಿತು. 1996ರ ನವೆಂಬರ್ 18ರಂದು, ಲಾರಿಗಳನ್ನು ಹೊತ್ತ ರೈಲೊಂದು ಸುರಂಗದೊಳಗೆ ಹೊತ್ತಿ ಉರಿಯಿತು. ರೈಲು ನಿಂತಿತು, ದಟ್ಟ ಹೊಗೆ ಕವಿಯಿತು. ಅಡ್ಡದಾರಿಯ ಬಾಗಿಲು ತೆರೆದಾಗ ನುಗ್ಗಿದ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳಿತು. ರೈಲಿನಲ್ಲಿದ್ದ 34 ಮಂದಿಯೂ ನಡುವಿನ ಸುರಂಗ ಸೇರಿ ಬದುಕಿಕೊಂಡರು.

ಈ ಸುರಂಗ ಕಟ್ಟುವಾಗ ಹತ್ತು ಮಂದಿ ಕೆಲಸಗಾರರು ಪ್ರಾಣ ತೆತ್ತರು ಎಂಬುದನ್ನೂ ಮರೆಯುವಂತಿಲ್ಲ. ರೈಲೇ ಓಡದ ಸುರಂಗಕ್ಕೆ ಇಷ್ಟು ಖರ್ಚೇಕೆ ಎಂದು ಯಾರಾದರೂ ಕೇಳಿದರೆ, ಆ 34 ಮಂದಿಯ ಕತೆ ಹೇಳಿ.