ಶ್ವಾನನಿದ್ರೆ

ವಿದ್ಯಾರ್ಥಿಗೆ ಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಹಿರಿಯರು ಎಣಿಸಿದ್ದಾರೆ. ಅದನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿಯೂ, ಬಿಸಿಲು ಮೈಮೇಲೆ ಬರುವವರೆಗೆ ಹೊದಿಕೆ ಬಿಡದವರೇ ನಮ್ಮಲ್ಲಿ ಹೆಚ್ಚು. ಇರಲಿ. ಈಚೆಗೆ ಕಾತ್ರಜದ ಕಡೆಯ ನಮ್ಮವರ ಮನೆಗಳಲ್ಲಿ ಶ್ವಾನನಿದ್ರೆಯ ಮಾತು ಬೇರೊಂದು ಕಾರಣಕ್ಕೆ ಬರಹತ್ತಿದೆ. ರಾತ್ರಿಯ ಬೊಗಳಾಟದಿಂದಾಗಿ ನಾಯಿ ಸಾಕಿದವರಿಗೂ ನೆರೆಯವರಿಗೂ ಮನಸ್ತಾಪ. “ರಾಯರ, ನಿಮ್ಮ ನಾಯಿಗೆ ನಿದ್ದಿ ಅನ್ನೂದು ಇಲ್ಲೇನ್ರಿ?” ಎಂದು ಮೆಟ್ಟಿಲ ಮೇಲೆ ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರವನ್ನು ಈ ಸಲ ನೋಡೋಣ.

ನಾಯಿ ನಿದ್ದೆಗೆಟ್ಟ ಪ್ರಾಣಿಯಲ್ಲ. ಬೆಳೆದ ನಾಯಿ ದಿನಕ್ಕೆ ಸುಮಾರು 10ರಿಂದ 12 ತಾಸು ಮಲಗುತ್ತದೆ. ಮರಿಗಳು ಇನ್ನೂ ಹೆಚ್ಚು. ಆದರೆ ನಾವು ನಿದ್ದೆಯನ್ನು ಇಡಿಗಂಟಾಗಿ ಪಡೆದರೆ ಅದು ಚಿಲ್ಲರೆಯಾಗಿ ಪಡೆಯುತ್ತದೆ. ಆಡಮ್ಸ್ ಮತ್ತು ಜಾನ್ಸನ್ ಎಂಬ ಆಸ್ಟ್ರೇಲಿಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ನಾಯಿಗಳು ರಾತ್ರಿ ಸರಾಸರಿ 16 ನಿಮಿಷ ಮಲಗಿ 5 ನಿಮಿಷ ಎಚ್ಚರವಿದ್ದುದು ಕಂಡುಬಂತು. 8 ತಾಸಿನಲ್ಲಿ ಇಂಥ ಸುಮಾರು 23 ಸುತ್ತುಗಳು! ಇಷ್ಟು ಸಲ ಏಳುವ ಜೀವಕ್ಕೆ ಏನಾದರೊಂದು ಸಪ್ಪಳ ಕಿವಿಗೆ ಬೀಳದೆ ಇದ್ದೀತೇ?

ಅದರ ಕಿವಿಯೂ ನಮ್ಮಂಥದಲ್ಲ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳ ಸ್ವರಕ್ಕೆ ಸೋತರೆ, ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ನಮಗೆ ಮೌನವೆಂದು ತೋರುವ ರಾತ್ರಿ ಅದಕ್ಕೆ ಸಂತೆಯಿದ್ದಂತೆ. ಅದರಲ್ಲೂ ಕಾತ್ರಜದ ರಾತ್ರಿ! ಒಂದು ಕಡೆ ಘಾಟಿನ ಗುಡ್ಡ, ಇನ್ನೊಂದು ಕಡೆ ಹೆದ್ದಾರಿಯಲ್ಲಿ ಬೆಳತನಕ ಸಾಲುಗಟ್ಟಿದ ಲಾರಿಗಳು. ಸಾಲದ್ದಕ್ಕೆ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯವೂ ಇಲ್ಲಿಯೇ. 2024ರ ಮಾರ್ಚಿನಲ್ಲಿ ಅಲ್ಲಿಯ ಚಿರತೆಯೊಂದು ತನ್ನ ಆವರಣದಿಂದ ತಪ್ಪಿಸಿಕೊಂಡು, ಮರುದಿನ ಸಿಕ್ಕುವವರೆಗೆ ನಮ್ಮೆಲ್ಲರಿಗೂ ಶ್ವಾನನಿದ್ರೆಯನ್ನು ಕಲಿಸಿತ್ತು.

ಹಾಗಾದರೆ ಊರಲ್ಲಿ ನಾಯಿಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು, ಬೊಗಳುತ್ತಲೂ ಇದ್ದವು. ಆದರೆ ಊರ ನಾಯಿ ಹಗಲು ಕಟ್ಟೆಯ ನೆರಳಿಗೋ ಕಣಿಕೆಯ ಬಣವಿಯ ಮಗ್ಗುಲಿಗೋ ಬಿದ್ದುಕೊಂಡರೂ, ನಡುನಡುವೆ ಎದ್ದು ಹೊಲದ ತನಕ ಹೋಗಿ ಬರುತ್ತಿತ್ತು; ಬಂದವರನ್ನು ಮೂಸಿ ನೋಡುತ್ತಿತ್ತು. ಇಲ್ಲಿಯ ಎರಡು ಕೋಣೆಯ ಮನೆಯಲ್ಲಿ ಯಜಮಾನರು ಕಚೇರಿಗೆ, ಅವರ ಮನೆಯವರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಮುಂಜಾನೆ 9ರಿಂದ ಸಂಜೆ 6ರ ತನಕ ಮಾಡಲು ಕೆಲಸವಿಲ್ಲದ ನಾಯಿ ನಿದ್ದೆಯನ್ನೆಲ್ಲ ಹಗಲೇ ಮುಗಿಸಿಬಿಡುತ್ತದೆ. ನಾವು ದೀಪ ಆರಿಸುವ ಹೊತ್ತಿಗೆ ಅದರ ದಿನ ಆರಂಭ. ರಾತ್ರಿಯ ದೂರಿಗೆ ಮದ್ದನ್ನು ಹಗಲಿನಲ್ಲೇ ಹುಡುಕಬೇಕೆಂದು ನಾವು ಹೇಳುವುದು ಇದಕ್ಕಾಗಿ.

ನಮ್ಮ ಪರಿಚಯದ ಒಂದು ಮನೆಯಲ್ಲಿ ಈ ವಿಷಯ ವಿಕೋಪಕ್ಕೆ ಹೋಗಿತ್ತು. ಕೆಳಮನೆಯ ಹಿರಿಯರು ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿ ಆಗಷ್ಟೇ ಮರಳಿದ್ದರು. ಮೇಲಿನ ಗ್ಯಾಲರಿಯಲ್ಲಿ ಕಟ್ಟಿದ ನಾಯಿ ರಾತ್ರಿಗೆ ಏಳೆಂಟು ಸಲ ಬೊಗಳುತ್ತಿತ್ತು. ತಿಂಗಳೊಳಗೆ ನಾಯಿಯನ್ನು ಕಳಿಸಬೇಕೆಂದು ಸೊಸಾಯಿಟಿಯ ಕಾಗದ ಬಂತು. ಆ ಮನೆಯ ಹುಡುಗ ಊಟ ಬಿಟ್ಟು ಕುಳಿತ. ಹಿರಿಯರ ತಪ್ಪೇನೂ ಇರಲಿಲ್ಲ, ಹುಡುಗನದೂ ಇರಲಿಲ್ಲ.

ಕೊನೆಗೆ ಮನೆಯವರು ಪಶುವೈದ್ಯರನ್ನು ಕೇಳಿ ಕೆಲವು ಏರ್ಪಾಡು ಮಾಡಿದರು. ನಾಯಿಯ ಹಾಸಿಗೆ ಗ್ಯಾಲರಿಯಿಂದ ಒಳಗೋಡೆಯ ಮಗ್ಗುಲಿಗೆ ಬಂತು. ಬೆನ್ನಿಗೆ ಗೋಡೆ, ಕಣ್ಣಿಗೆ ಮನೆಯ ಜನ ಇದ್ದರೆ ನಾಯಿಗೆ ಸಮಾಧಾನ. ಬೆಳಿಗ್ಗೆ ಅರ್ಧ ತಾಸು, ಸಂಜೆ ಮುಕ್ಕಾಲು ತಾಸು ತಿರುಗಾಟ. ಮಲಗುವ ಮುನ್ನ ಇನ್ನೊಮ್ಮೆ ಹೊರಗೆ. ಬೊಗಳಿದರೆ ಗದರಿಸುವುದು ನಿಂತಿತು. ನಾವು ಕೂಗಿದರೆ ತನಗೆ ಜತೆಯಾಗಿ ಬೊಗಳುತ್ತಿದ್ದಾರೆಂದೇ ಅದು ತಿಳಿಯುವಂತಿದೆ! ಒಬ್ಬರು ಎದ್ದು, ಕಿಟಕಿಯಿಂದ ನೋಡಿ, ಮೆಲ್ಲಗೆ “ಸಾಕು” ಎಂದು ಅದನ್ನು ಮರಳಿ ಮಲಗಿಸುವರು. ಮೂರು ವಾರಗಳಲ್ಲಿ ಬೊಗಳುವುದು ರಾತ್ರಿಗೆ ಒಂದೆರಡು ಸಲಕ್ಕೆ ಇಳಿಯಿತು. ಸೊಸಾಯಿಟಿಯ ಕಾಗದ ಕಡತ ಸೇರಿತು. ಕಡತ ಸೇರಿದ ಕಾಗದ ಬೇಗನೆ ಹೊರಬರುವುದಿಲ್ಲವೆಂಬುದು ಕಾರಕೂನರಾದ ನಮಗೆ ಚೆನ್ನಾಗಿ ಗೊತ್ತು.

ತಾಯಂದಿರಿಗೆ ಒಂದೆರಡು ಮಾತು. ಮಲಗಿದ ನಾಯಿಯ ಕಾಲು ಅದುರುವುದು, ಅದು ಸಣ್ಣಗೆ ಕುಂಯ್‌ಗುಡುವುದು ಸಾಮಾನ್ಯವಾಗಿ ಕನಸಿನ ನಿದ್ದೆಯ ಗುರುತು. ಆಗ ಮಕ್ಕಳು ಅದನ್ನು ಥಟ್ಟನೆ ಮುಟ್ಟಬಾರದು. ಬೆದರಿದ ನಾಯಿ ಕಚ್ಚಬಹುದು. ದೂರದಿಂದ ಹೆಸರು ಹಿಡಿದು ಕರೆಯಲಿ. ಮುದಿನಾಯಿ ರಾತ್ರಿಯೆಲ್ಲ ದಿಕ್ಕುತಪ್ಪಿದಂತೆ ಅಡ್ಡಾಡಿದರೆ, ಅಥವಾ ಮೂತ್ರಕ್ಕೆಂದು ಪದೇ ಪದೇ ಎದ್ದರೆ, ಅದನ್ನು ಹಟವೆಂದು ಬಗೆಯದೆ ವೈದ್ಯರಿಗೆ ತೋರಿಸಬೇಕು.

ಕಾಯಿದೆಯೂ ಇದನ್ನು ಮರೆತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ತಿರುಗಾಡಿಸದ ಯಜಮಾನನೂ ಅಪರಾಧಿಯೇ.

ಕಾಯಿದೆಗಿಂತ ಹಳೆಯದು ನಮ್ಮವರ ನಡತೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿಗೆ ಒಂದು ಕಲ್ಲು ನಿಂತಿತು. ಮಣಲೆರನೆಂಬ ವೀರನು ತನ್ನೊಡೆಯ ಗಂಗರ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಿ ಸತ್ತಿತು, ಹಂದಿಯೂ ಸತ್ತಿತು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಅದನ್ನು ಪೂಜಿಸದೆ ಗೊರವನು ಉಣಬಾರದೆಂದು ಬರೆಯಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾವು ಪೂಜೆ ಮಾಡಬೇಕಾಗಿಲ್ಲ. ದಿನಕ್ಕೆ ಎರಡು ಸಲ ಕಾತ್ರಜದ ಕೆರೆಯ ಕಡೆಗೆ ನಡೆಸಿಕೊಂಡು ಹೋದರೆ ಸಾಕು. ನಾಯಿಗೂ ಹಿತ, ಕೆಳಮನೆಯ ಹಿರಿಯರಿಗೂ ಹಿತ. ಕಚೇರಿಯ ಕುರ್ಚಿಯಲ್ಲಿ ಬೆಳೆದ ನಮ್ಮ ಹೊಟ್ಟೆಗಳಿಗಂತೂ ಪರಮ ಹಿತ.