ರಸ್ತೆ ದಾಟಿದ ಟಾಕೊ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಯಾನ್ ಬರ್ನಾರ್ಡಿನೊ ಎಂಬ ಪಟ್ಟಣವಿದೆ. ಅದರ ಪಶ್ಚಿಮ ಭಾಗದಲ್ಲಿ, ‘ರೂಟ್ 66’ ಎಂಬ ಹೆಸರಾಂತ ಹೆದ್ದಾರಿ ಒಂದು ಕಾಲಕ್ಕೆ ಹಾದುಹೋಗುತ್ತಿದ್ದ ಮೌಂಟ್ ವರ್ನನ್ ಬೀದಿಯ ಆಸುಪಾಸಿನಲ್ಲಿ, ಸಾಂತಾ ಫೆ ರೈಲ್ವೆಯ ಕಾರ್ಖಾನೆಯಲ್ಲಿಯೂ ಕಿತ್ತಳೆಯ ತೋಟಗಳಲ್ಲಿಯೂ ದುಡಿಯುವ ಮೆಕ್ಸಿಕನ್ ಸಂಸಾರಗಳು ನೆಲೆಸಿದ್ದವು. 1937ರಲ್ಲಿ ಲೂಸಿಯಾ ರೋಡ್ರಿಗೇಜ್ ಎಂಬ ಮಹಿಳೆಯೂ ಅವರ ಮನೆಯವರೂ ಅಲ್ಲಿ ಒಂದು ಚಿಕ್ಕ ಊಟದ ಮನೆಯನ್ನು ತೆರೆದರು. ದಕ್ಷಿಣ ಮೆಕ್ಸಿಕೊದ ಪುರಾತನ ಕಟ್ಟಡಗಳ ಊರೊಂದರ ಹೆಸರನ್ನೇ ಅದಕ್ಕಿಟ್ಟು ‘ಮಿಟ್ಲಾ ಕೆಫೆ’ ಎಂದು ಕರೆದರು. ಆ ಊಟದ ಮನೆ ಇಂದಿಗೂ ಅದೇ ಬೀದಿಯಲ್ಲಿದೆ. ಅದೇ ಮನೆತನದ ಕೈಯಲ್ಲಿದೆ. ಈ ತಿಂಗಳು ನಮ್ಮ ವಾಚಕರನ್ನು ಅಲ್ಲಿಯ ಪಂಕ್ತಿಗೆ ಕರೆದೊಯ್ಯಬೇಕೆಂಬುದು ನಮ್ಮ ಅಪೇಕ್ಷೆ.

ಮೆಕ್ಸಿಕೊದ ಊಟಕ್ಕೆ ಮೂಲಾಧಾರ ‘ಟೋರ್ಟಿಯಾ’. ಅದು ಮೆಕ್ಕೆಜೋಳದ ತೆಳುವಾದ ರೊಟ್ಟಿ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಿಟ್ಟು, ಸಿಪ್ಪೆ ತೊಳೆದು, ಒರಳಿನಲ್ಲಿ ಅರೆದ ಹಿಟ್ಟನ್ನು ಅಂಗೈಗಳ ನಡುವೆ ತಟ್ಟಿ ಹಂಚಿನ ಮೇಲೆ ಸುಡುವುದು ಅಲ್ಲಿಯ ಹೆಂಗಸರ ಪರಂಪರಾಗತ ಕ್ರಮ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಸೋದರಿಯರಿಗೆ ಆ ತಟ್ಟುವ ಸದ್ದನ್ನು ವಿವರಿಸಬೇಕಾಗಿಲ್ಲ. ಟೋರ್ಟಿಯಾವನ್ನು ಮಡಿಸಿ ಒಳಗೆ ಹೂರಣವಿಟ್ಟರೆ ಅದು ಟಾಕೊ. ಸುರುಳಿ ಸುತ್ತಿ ಮೆಣಸಿನಕಾಯಿಯ ಗೊಜ್ಜಿನಲ್ಲಿ ಅದ್ದಿದರೆ ಎಂಚಿಲಾಡ. ದಪ್ಪ ಮೆಣಸಿನಕಾಯಿಯ ಹೊಟ್ಟೆಯೊಳಗೆ ಗಿಣ್ಣನ್ನು ತುಂಬಿ, ಮೊಟ್ಟೆಯ ಹಿಟ್ಟಿನಲ್ಲಿ ಅದ್ದಿ ಕರಿದದ್ದು ಚಿಲೆ ರೆಯೆನೊ. ಜೊತೆಗೆ ಟೊಮೇಟೊ ಹಾಕಿದ ಕೆಂಪನ್ನವೂ ಬೇಯಿಸಿ ಮಸೆದ ಹುರುಳಿಕಾಯಿ ಜಾತಿಯ ಕಾಳೂ ಇರುತ್ತವೆ. ಕೂತೊಡನೆಯೇ ಕರಿದ ಟೋರ್ಟಿಯಾದ ಚೂರುಗಳೂ ‘ಸಾಲ್ಸಾ’ ಎಂಬ ಚಟ್ನಿಯೂ ಮುಂದೆ ಬರುವುದು ಅಮೆರಿಕದ ಮೆಕ್ಸಿಕನ್ ಊಟದ ಮನೆಗಳ ವಾಡಿಕೆ.

ಆ ಚಟ್ನಿಯ ಬಟ್ಟಲನ್ನು ಗಮನಿಸಿದರೆ ಎರಡು ಲೋಕಗಳ ಕೊಡುಕೊಳ್ಳುವಿಕೆ ಕಾಣುತ್ತದೆ. ಮೆಣಸಿನಕಾಯಿ ಮತ್ತು ಟೊಮೇಟೊ ಆ ಖಂಡದ ಸಂತಾನ. ಪೋರ್ಚುಗೀಸರು ಬರುವವರೆಗೆ ನಮ್ಮ ಹಿರಿಯರು ಕರಿಮೆಣಸಿನಿಂದಲೇ ಖಾರದ ಬಯಕೆಯನ್ನು ತೀರಿಸಿಕೊಂಡಿದ್ದರು. ಕೊತ್ತಂಬರಿ ಮತ್ತು ಈರುಳ್ಳಿಗಳಾದರೋ ಸ್ಪೇನಿನವರ ಹಡಗುಗಳಲ್ಲಿ ಅತ್ತ ಹೋದವು.

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನಿರಿಸಿಕೊಂಡ ವಾಚಕರಿಗಾಗಿ ಒಂದು ಮಾತು. ಶಾಕಾಹಾರಿಗಳು ಇಂತಹ ಊಟದ ಮನೆಗಳಲ್ಲಿ ಕಾಳಿನ ಪಲ್ಯವನ್ನು ನಿಶ್ಚಿಂತೆಯಿಂದ ಬಡಿಸಿಕೊಳ್ಳುವ ಮುನ್ನ ವಿಚಾರಿಸಬೇಕು. ಸಂಪ್ರದಾಯದಂತೆ ಅದಕ್ಕೆ ಹಂದಿಯ ಕೊಬ್ಬಿನ ಒಗ್ಗರಣೆಯಿರುತ್ತದೆ. ಅನ್ನಕ್ಕೆ ಕೋಳಿಯ ಸಾರು ಬೆರೆಸುವುದೂ ಉಂಟು. ಸಂಕೋಚವಿಲ್ಲದೆ ಕೇಳಬಹುದು.

ಈಗ ಮಿಟ್ಲಾದ ಟಾಕೊ ರಸ್ತೆ ದಾಟಿದ ಕಥೆಗೆ ಬರೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗ್ಲೆನ್ ಬೆಲ್ ಎಂಬ ತರುಣ, ಈ ಊಟದ ಮನೆಯ ಎದುರಿಗೇ ಮಾಂಸದ ಬನ್ನು ಮಾರುವ ಅಂಗಡಿಯನ್ನಿಟ್ಟಿದ್ದ. ಮಿಟ್ಲಾದ ಮುಂದೆ ಗಿರಾಕಿಗಳು ಸಾಲುಗಟ್ಟಿ ನಿಲ್ಲುವುದನ್ನು ಕಂಡ. ಅವರೆಲ್ಲ ಬರುತ್ತಿದ್ದುದು ಗರಿಗರಿಯಾಗಿ ಕರಿದು, ಮೇಲೆ ಎಲೆಕೋಸಿನಂತಹ ಸೊಪ್ಪು, ಟೊಮೇಟೊ, ತುರಿದ ಚೀಸು ಉದುರಿಸಿದ ಟಾಕೊವಿಗಾಗಿ. ಬೆಲ್ ತನ್ನ ಅಂಗಡಿ ಮುಚ್ಚಿದ ಮೇಲೆ ಅಲ್ಲಿಗೆ ಹೋಗಿ ತಿಂದ. ಮತ್ತೆ ಮತ್ತೆ ಹೋಗಿ ತಿಂದ. ಕೊನೆಗೆ ಮನೆಯವರು ಅವನನ್ನು ಅಡಿಗೆಮನೆಗೇ ಕರೆದು ಮಾಡುವ ಬಗೆಯನ್ನು ತೋರಿಸಿಕೊಟ್ಟರೆಂದು ಆ ಮನೆತನದವರು ಹೇಳುತ್ತಾರೆ. ಟಾಕೊದ ಕವಚವನ್ನು ಮುಂಚಿತವಾಗಿಯೇ ಕರಿದಿಟ್ಟರೆ ಗಿರಾಕಿ ಕಾಯಬೇಕಾಗಿಲ್ಲವೆಂಬ ಉಪಾಯವನ್ನು ಆತ ಹೂಡಿದ. 1962ರಲ್ಲಿ ಡೌನಿ ಎಂಬಲ್ಲಿ ‘ಟಾಕೊ ಬೆಲ್’ ಎಂಬ ಅಂಗಡಿಯನ್ನು ತೆರೆದ. 1978ರಲ್ಲಿ ತನ್ನ ಕಂಪನಿಯನ್ನು ಪೆಪ್ಸಿಕೊ ಸಂಸ್ಥೆಗೆ ಮಾರಿದ. ಇಂದು ಅದರ ಅಂಗಡಿಗಳು ಸಾವಿರಾರು, ಬೆಂಗಳೂರಿನಲ್ಲಿಯೂ ಉಂಟು.

ಇದನ್ನು ಕೇಳಿದವರು ಮಿಟ್ಲಾದವರು ಮೋಸಹೋದರೆಂದು ಮರುಗಬಹುದು. ನಮಗೆ ಹಾಗೆ ತೋರುವುದಿಲ್ಲ. ಅಡಿಗೆ ಕಲಿಸಿದವರು ಬಡವರಾಗುವುದಿಲ್ಲ. ಆದರೆ ರಸ್ತೆಯನ್ನು ದಾಟಿದ್ದು ಯಾವುದು, ದಾಟದೆ ಉಳಿದದ್ದು ಯಾವುದು ಎಂಬುದನ್ನು ಮಾತ್ರ ವಿಚಾರಿಸಬೇಕು.

ಮೆಕ್ಕೆಜೋಳದ ಚರಿತ್ರೆಯೇ ಇದಕ್ಕೆ ದೃಷ್ಟಾಂತ. ಸ್ಪೇನಿನವರು ಆ ಕಾಳನ್ನು ಯೂರೋಪಿಗೆ ಒಯ್ದರು. ಅದನ್ನು ಸುಣ್ಣದಲ್ಲಿ ಬೇಯಿಸುವ ಹೆಂಗಸರ ವಿದ್ಯೆ ಅದರೊಡನೆ ಹೋಗಲಿಲ್ಲ. ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣದ ಸಂಸ್ಕಾರವಿಲ್ಲದೆ ದೇಹಕ್ಕೆ ದಕ್ಕದು. ಹೀಗಾಗಿ ಮೆಕ್ಕೆಜೋಳವನ್ನೇ ನಂಬಿದ ಇಟಲಿಯ ಬಡವರಲ್ಲಿಯೂ, ಮುಂದೆ ಅಮೆರಿಕದ ದಕ್ಷಿಣ ಸೀಮೆಯಲ್ಲಿಯೂ, ಚರ್ಮ ಬಿರಿದು ಬುದ್ಧಿ ಕದಡುವ ಪೆಲಾಗ್ರ ರೋಗ ಹಬ್ಬಿತು. ವಸ್ತು ಸಾಗರವನ್ನು ದಾಟಿತು. ವಿವೇಕ ಒಲೆಯ ಬಳಿಯೇ ಉಳಿಯಿತು.

ಮಿಟ್ಲಾದಲ್ಲಿ ಉಳಿದದ್ದೇನೆಂಬುದಕ್ಕೆ 1943ರ ಸಂಗತಿಯನ್ನು ಹೇಳಬೇಕು. ಆ ಕಾಲದಲ್ಲಿ ಸ್ಯಾನ್ ಬರ್ನಾರ್ಡಿನೊ ಪೌರಸಭೆಯ ಈಜುಕೊಳಕ್ಕೆ ಮೆಕ್ಸಿಕನ್ ಮೂಲದವರನ್ನು ಸೇರಿಸುತ್ತಿರಲಿಲ್ಲ. ಅವರೂ ಅದೇ ಊರಿಗೆ ತೆರಿಗೆ ತೆರುತ್ತಿದ್ದರು. ಅವರ ಮಕ್ಕಳು ಅದೇ ಅಮೆರಿಕದ ಸೈನ್ಯದಲ್ಲಿ ಯುದ್ಧಕ್ಕೆ ಹೋಗಿದ್ದರು. ಈ ಅನ್ಯಾಯವನ್ನು ಎದುರಿಸಲು ಮೆಕ್ಸಿಕನ್ ನಾಗರಿಕರು ಕಟ್ಟಿಕೊಂಡ ರಕ್ಷಣಾ ಸಮಿತಿ ಸಭೆ ಸೇರಿದ್ದು ಮಿಟ್ಲಾದ ಊಟದ ಮೇಜುಗಳ ಸುತ್ತಲೇ. ನ್ಯಾಯಾಲಯಕ್ಕೆ ಹೋದವರಲ್ಲಿ ಒಬ್ಬ ಪಾದ್ರಿಯಿದ್ದರು. ಮುಂದಾಳು ಇಗ್ನೇಸಿಯೊ ಲೋಪೆಜ್ ಎಂಬುವರು ‘ಎಲ್ ಎಸ್ಪೆಕ್ತಾದೋರ್’ ಎಂಬ ಸ್ಪ್ಯಾನಿಷ್ ವಾರಪತ್ರಿಕೆಯ ಸಂಪಾದಕರು. 1944ರಲ್ಲಿ ತೀರ್ಪು ಅವರ ಪರವಾಯಿತು. ಕೊಳದ ಬಾಗಿಲು ತೆರೆಯಿತು. ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದರ ವಿರುದ್ಧ ಅದೇ ಸೀಮೆಯಲ್ಲಿ ಮುಂದೆ ನಡೆದ ಮೊಕದ್ದಮೆಗೆ ಈ ಗೆಲುವು ಬಲ ಕೊಟ್ಟಿತು. ಪರಭಾಷೆಯ ನಾಡಿನಲ್ಲಿ ಸ್ವಭಾಷೆಯ ಪತ್ರಿಕೆ ನಡೆಸುವ ನಾವು ಆ ಸಂಪಾದಕರನ್ನು ಗೌರವದಿಂದ ನೆನೆಯುತ್ತೇವೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಕಥೆ ದೂರದ್ದೆನಿಸುವುದಿಲ್ಲ. 1848ರ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಕ್ಯಾಲಿಫೋರ್ನಿಯಾದ ಸ್ಪ್ಯಾನಿಷ್ ಮಾತಿನ ಜನ ಕೂತಲ್ಲಿಯೇ ಬೇರೆ ದೇಶದವರಾದರು. 1910ರ ಕ್ರಾಂತಿಯ ತರುವಾಯ ಹೊಟ್ಟೆಪಾಡಿಗಾಗಿ ಉತ್ತರಕ್ಕೆ ಬಂದವರು ಇನ್ನೂ ಹೆಚ್ಚು. ನಮ್ಮಲ್ಲಿ 1953ರಲ್ಲಿ ಆದವಾನಿ, ರಾಯದುರ್ಗಗಳು ಆಂಧ್ರದಲ್ಲಿಯೂ 1956ರಲ್ಲಿ ಕಾಸರಗೋಡು ಕೇರಳದಲ್ಲಿಯೂ ಸೇರಿದವು. ಅಲ್ಲಿ ಗೆರೆ ಎಳೆದದ್ದು ಯುದ್ಧ, ಇಲ್ಲಿ ಶಾಸನ. ಅಲ್ಲಿ ದೇಶ ಬೇರೆಯಾಯಿತು, ಇಲ್ಲಿ ರಾಜ್ಯ ಮಾತ್ರ. ಈ ಅಂತರವನ್ನು ನಾವು ಮರೆಯಲಾಗದು. ಆದರೂ ಕಚೇರಿಯ ಫಲಕದಲ್ಲಿ ಕಾಣದ ಭಾಷೆಯೊಂದು ಊಟದ ಮನೆಯಲ್ಲಿ ಬಾಯಿತುಂಬ ಕೇಳಿಸುವ ಸುಖ ಎರಡೂ ಕಡೆಯವರಿಗೆ ಒಂದೇ.

ಸಂತೆಗೆ ಬಂದವರು ಬುತ್ತಿ ಬಿಚ್ಚದೆ ಕೂರುವ ಖಾನಾವಳಿ, ಮಾಲೀಕನ ತಾಯಿಯೇ ಬಡಿಸುವ ಊಟದ ಮನೆ, ಬೆಳಗಿನ ಪತ್ರಿಕೆಯೊಡನೆ ಊರ ಸುದ್ದಿಯನ್ನೂ ಹಂಚುವ ಚಿಕ್ಕ ಹೋಟೆಲು: ಇಂತಹವು ನಮ್ಮ ಊರುಗಳಲ್ಲಿಯೂ ಇನ್ನೂ ಇವೆ. ಅಲ್ಲಿಯ ಮಕ್ಕಳು ಓದಿ ನೌಕರಿಗೆ ಹೋದಾಗ ಒಲೆ ಆರುತ್ತದೆ. ಅದರೊಡನೆ ವಧುವರರ ವಿಚಾರ ನಡೆಯುತ್ತಿದ್ದ, ಶಾಲೆಗೆ ಕನ್ನಡ ಮೇಷ್ಟ್ರು ಬೇಕೆಂದು ಅರ್ಜಿ ಬರೆಯುತ್ತಿದ್ದ ಮೇಜೂ ಹೋಗುತ್ತದೆ. ಅದೇ ಪದಾರ್ಥವನ್ನು ನಗರದ ದೊಡ್ಡ ಹೋಟೆಲು ನಾಳೆ ಇನ್ನೂ ಅಂದವಾಗಿ ಬಡಿಸೀತು. ಆ ಮೇಜನ್ನು ಬಡಿಸಲಾರದು.

ಆದುದರಿಂದ ವಾಚಕ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ನಿಮ್ಮ ಊರಿನಲ್ಲಿ ಒಂದೇ ಮನೆತನದವರು ಎರಡು ತಲೆಮಾರಿಗೂ ಮಿಕ್ಕು ನಡೆಸಿಕೊಂಡು ಬಂದ ಊಟದ ಮನೆಯಿದ್ದರೆ, ಈ ತಿಂಗಳು ಒಂದು ದಿನ ಸಂಸಾರಸಮೇತ ಅಲ್ಲಿಗೆ ಹೋಗಿ ಉಣ್ಣಿರಿ. ಒಲೆಯ ಮುಂದಿನ ಅಜ್ಜಿಯನ್ನು ಒಂದು ಪದಾರ್ಥದ ಬಗೆ ಕೇಳಿರಿ. ಅಳತೆಯನ್ನಷ್ಟೇ ಅಲ್ಲದೆ ಅದನ್ನು ಆಕೆಗೆ ಕಲಿಸಿದವರಾರೆಂಬುದನ್ನೂ ಬರೆದುಕೊಳ್ಳಿರಿ. ಆಕೆಯ ಒಪ್ಪಿಗೆ ಪಡೆದು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.