ವಾದ್ಯವೃಂದದ ಹೊರಗುಳಿದವರು

1975ರಲ್ಲಿ ಹೋಸೆ ಆಂಟೋನಿಯೊ ಅಬ್ರೆಯು ವೆನೆಜುವೆಲಾದಲ್ಲಿ ಆರಂಭಿಸಿದ ‘ಎಲ್ ಸಿಸ್ಟೆಮಾ’, ಬಡತನ ಹಾಗೂ ಹಿಂಸೆಯ ನಡುವೆ ಬೆಳೆಯುವ ಎಳೆಯರನ್ನು ವಾದ್ಯಸಂಗೀತದ ಮೂಲಕ ಕಾಪಾಡುವ ಮಾದರಿಯೆಂದು ಹಲವು ದೇಶಗಳಲ್ಲಿ ಅನುಕರಣೆಗೊಂಡಿದೆ. ಆ ಕೀರ್ತಿ ಪೂರ್ಣ ನಿರಾಧಾರವೇನಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಲಿತ ಮಕ್ಕಳ ಆತ್ಮಸಂಯಮದಲ್ಲಿ ಅಲ್ಪ ಸುಧಾರಣೆಯನ್ನು ಗುರುತಿಸಿತು; ಕಡಿಮೆ ಓದಿದ ತಾಯಂದಿರ ಮಕ್ಕಳಲ್ಲಿ, ಹಿಂಸೆಯನ್ನು ಕಂಡ ಹುಡುಗರಲ್ಲಿ ಈ ಫಲ ಹೆಚ್ಚು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ಇರಿಯುವಂಥದು: ಕೇಂದ್ರಗಳಿದ್ದ ರಾಜ್ಯಗಳ ಮಕ್ಕಳಲ್ಲಿ ಬಡವರು ಸುಮಾರು ಶೇ. 47, ಭಾಗವಹಿಸಿದವರಲ್ಲಿ ಕೇವಲ ಶೇ. 17. ಮದ್ದು ಯಾರಿಗೆ ಹೆಚ್ಚು ನಾಟುತ್ತದೆಯೋ ಅವರಿಗೇ ಅದು ತಲುಪಿಲ್ಲ! ಹೆಸರು ಬರೆಸಲು, ನಿತ್ಯ ಕರೆತರಲು ಬಿಡುವಿಲ್ಲದ ಮನೆಗೆ ಉಚಿತ ಕಲಿಕೆಯೂ ದುಬಾರಿಯೇ. ಸಮುದಾಯ ಕಲೆಯನ್ನು ಕುರಿತ ಸಂಶೋಧನೆ ವೇದಿಕೆಯ ಮೇಲಿದ್ದವರ ಸಂದರ್ಶನಗಳಿಗೆ ತೃಪ್ತಿಪಡದೆ, ಬಾರದವರ ಮನೆಗಳಿಂದಲೇ ತೊಡಗಬೇಕಾಗಿದೆ.